ಯಾರ ಕೈಗೆ ಯಾವುದು

ಒಂದು ಪೆನ್ ಡ್ರೈವ್ ನನಗೆ ಎಷ್ಟಕ್ಕೆ ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಭಾನುವಾರದ ಹೋಟೆಲ್ ವ್ಯಾಪಾರ, ಹೆಂಡತಿಯ ಒಂದು ವಾರದ ಮಾತು, ಮತ್ತು ಸುಡುಬಿಸಿಲಿನಲ್ಲಿ ಭಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚೆನ್ನೈಯ ಪೋರೂರಿನಿಂದ ರಿಚ್ಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯವರೆಗೆ ಕೇಳಿದ ಉಪದೇಶ. ಪೆನ್ ಡ್ರೈವ್ ಮಾತ್ರ ಪುಕ್ಕಟೆ. ಹೊಸ ಕಂಪ್ಯೂಟರಿನ ಜೊತೆಗೆ ಚೌಕಾಸಿ ಮಾಡಿ ಕಿತ್ತುಕೊಂಡದ್ದು. ಇಷ್ಟೆಲ್ಲ ಯಾಕೆ ತೆರಬೇಕಾಯಿತೆಂದರೆ, ನನ್ನ ಹೆಂಡತಿಯ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ತಲೆ ಸರಿ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದರಿಂದ. ಈಗಲೂ ಪೂರ್ತಿ ಬಿಟ್ಟಿಲ್ಲ ಅನ್ನಿ!

ಭಾವ ಮದುವೆಯಾಗದ ಪ್ರಾಣಿ. ನಮ್ಮ ಮನೆಯಲ್ಲೇ ವಾಸ, ಶೋಳಿಂಗನಲ್ಲೂರಿನ ಒಂದು ಕಂಪೆನಿಯಲ್ಲಿ ಕೆಲಸ. ಕೆಲಸವೇನು ಎಂದು ಕೇಳಿದರೆ, "ಯಾರು ಯಾವ ಫೈಲು ತೆರೆಯಬಹುದು, ಯಾರು ತಿದ್ದಬಹುದು, ಯಾರು ಮುಟ್ಟಬಾರದು ಅಂತ ನೋಡುವುದು" ಎನ್ನುತ್ತಾರೆ. ನಮ್ಮ ಉಡುಪಿ ಕಡೆ ಈ ಕೆಲಸವನ್ನು ಸಂಬಳವಿಲ್ಲದೆ ಪ್ರತಿ ಮನೆಯ ಅಜ್ಜಿಯರೂ ಮಾಡುತ್ತಿದ್ದರಲ್ಲ? ಅದಕ್ಕೆ ಹವಾನಿಯಂತ್ರಿತ ಕೋಣೆ, ಕರೆದುಕೊಂಡು ಹೋಗಲಿಕ್ಕೆ ಕ್ಯಾಬು!

ಸಂಬಳ ಬರುವ ಕಡೆ ಮಾಡಿ ಸುಮ್ಮನಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಅಡುಗೆಮನೆಯ ಡಬ್ಬಗಳಿಗೂ ಅವರು ಹಕ್ಕು ಹಂಚಿದ್ದಾರೆ. ಚಕ್ಕುಲಿ ಡಬ್ಬ: ಮಗಳು ತೆಗೆಯಬಹುದು, ನನ್ನ ಹೆಂಡತಿ ತುಂಬಿಸಬಹುದು. ನಾನು?

"ನೀವು ನೋಡಬಹುದು ಭಾವ," ಎಂದರು. ಅವರು ನನಗೆ ಭಾವ, ನಾನು ಅವರಿಗೆ ಭಾವ, ನಮ್ಮಲ್ಲಿ ಹಾಗೆಯೇ.

"ಬರೀ ನೋಡಿ ಎಂಥ ಮಾಡುವುದು?"

"ಡಬ್ಬದಲ್ಲಿ ಉಂಟು ಅಂತ ಸಮಾಧಾನ ಮಾಡಿಕೊಳ್ಳುವುದು. ನಿಮ್ಮ ಕೊಲೆಸ್ಟ್ರಾಲಿಗೆ ಅಷ್ಟು ಸಾಕು."

ಕೋಡಂಬಾಕ್ಕಂನಿಂದ ಪೋರೂರಿಗೆ ಮನೆ ಬದಲಿಸಿದಾಗಲಂತೂ ಸಾಗಣೆಯ ಹುಡುಗರು ಅಳುವುದೊಂದು ಬಾಕಿ. ಪೆಟ್ಟಿಗೆಗಳನ್ನೆಲ್ಲ ಜೋಪಾನವಾಗಿ ನೆಲದ ಮೇಲೆ ಇಳಿಸಿದರು. ಲೋಟ ಒಡೆದಿಲ್ಲ, ಚಮಚ ಕಳೆದಿಲ್ಲ. ಇನ್ನೇನು ಬೇಕು? ಭಾವ ಟೇಪು ಹಿಡಿದು ಬಂದರು. ಉಪ್ಪಿನಕಾಯಿ ಭರಣಿ ಹಳೆಯ ಮನೆಯಲ್ಲಿ ಎಷ್ಟು ಎತ್ತರದಲ್ಲಿತ್ತೋ ಇಲ್ಲೂ ಅಷ್ಟೇ ಎತ್ತರಕ್ಕೆ ಹೋಗಬೇಕು; ಔಷಧಿ ಅತ್ತೆಯ ಕೈಗೆ ಸಿಗಬೇಕು, ಆಗಿನ್ನೂ ಚಿಕ್ಕವಳಾಗಿದ್ದ ಮಗಳ ಕೈಗೆ ಸಿಗಬಾರದು. "ಸಾಮಾನು ಬಂದರೆ ಸಾಲದು ಭಾವ. ಯಾರ ಕೈಗೆ ಯಾವುದು ಎಟುಕಬೇಕೋ ಅದೂ ಸಾಮಾನಿನ ಜೊತೆಗೇ ಬರಬೇಕು." ಹುಡುಗರ ಮೇಸ್ತ್ರಿ ನನ್ನ ಕಿವಿಯಲ್ಲಿ ಕೇಳಿದ, "ಸಾರುಕ್ಕು ಉಡಂಬು ಸರಿಯಿಲ್ಲೆಯಾ?" ದೇಹಕ್ಕೇನೂ ಆಗಿಲ್ಲಪ್ಪ ಎಂದೆ.

ಇನ್ನು ಪೆನ್ ಡ್ರೈವಿನ ಕತೆ.

ಮನೆಯ ಕಂಪ್ಯೂಟರ್ ಮುದಿಯಾಗಿತ್ತು. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತೇನೆ ಎಂದು ರಿಚ್ಚಿ ಸ್ಟ್ರೀಟಿನ ಅಂಗಡಿಯವನು ಒಪ್ಪಿದ. ಅಂಥ ಮಾತು ಆರಿಹೋಗುವ ಮೊದಲು ಹಿಡಿದುಕೊಳ್ಳಬೇಕು. ಟೇಬಲ್ ಒರೆಸುವ ಕೆಲಸದಿಂದ ಹೋಟೆಲಿನ ಗಲ್ಲಾದವರೆಗೆ ಬಂದವನು ನಾನು, ನನಗೆ ಗೊತ್ತಿಲ್ಲವೇ? ಭಾವ ಆಗ ಆಫೀಸಿನ ಕೆಲಸಕ್ಕೆ ಹೈದರಾಬಾದಿನಲ್ಲಿದ್ದರು. ಫೋನಿನಲ್ಲಿ ಒಂದೇ ಮಾತು: "ನಾನು ಬರುವ ತನಕ ಮುಟ್ಟಬೇಡಿ."

ಫೋಟೋ ತುಂಬಿಕೊಳ್ಳುವುದಕ್ಕೆ ಮುಹೂರ್ತ ಬೇಕೆ? ತುಂಬಿಕೊಂಡೆ. ಕಂಪ್ಯೂಟರಿನಲ್ಲಿ ಭಾವ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಟ್ಟಿದ್ದರು, ಒಬ್ಬೊಬ್ಬರಿಗೂ ಪಾಸ್‌ವರ್ಡು. ನನ್ನದು ನನಗೆ ಮರೆತುಹೋಗಿತ್ತು. ಪಾಸ್‌ವರ್ಡಿಲ್ಲದ್ದು ಅತ್ತೆಯ ಖಾತೆ ಒಂದೇ. ಹಳೆಯದರಲ್ಲಿ ಅದನ್ನೇ ತೆರೆದು ಇಡೀ ಕುಟುಂಬದ ಫೋಟೋಗಳನ್ನು ಪೆನ್ ಡ್ರೈವಿಗೆ ಎಳೆದೆ, ಹೊಸದರಲ್ಲೂ ಅತ್ತೆಯ ಹೆಸರಿನಲ್ಲೇ ಖಾತೆ ತೆರೆದು ಸುರಿದೆ. ಹಳೆಯದನ್ನು ಅಂಗಡಿಗೆ ಸಾಗಿಸಿದೆ. ಪೆನ್ ಡ್ರೈವನ್ನು ಮಗಳು ಅಳಿಸಿ ಕಾಲೇಜಿಗೆ ಒಯ್ದಳು. ಎಷ್ಟು ಚೊಕ್ಕ ಕೆಲಸ!

ಅತ್ತೆಯ ವಿಷಯ ಹೇಳಲಿಲ್ಲ ನೋಡಿ. ಭಾವನ ತಾಯಿ. ಜೀವಮಾನವೆಲ್ಲ ಹೋಟೆಲಿನ ಸಂಸಾರ ನಡೆಸಿದವರು. ಬಿದ್ದದ್ದು, ಉಳಿದದ್ದು, ಹಳಸಿದ್ದು ಕಣ್ಣಿಗೆ ಕಾಣಬಾರದು. ಮೌಸು ಹಿಡಿಯಲು ಕಲಿತ ಮೇಲೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಕಂಪ್ಯೂಟರಿನ ಮುಂದೆ ಕೂತು "ಕ್ಲೀನು" ಮಾಡುತ್ತಿದ್ದರು. ಇತ್ತೀಚೆಗೆ ಅವರಿಗೆ ಮುಖಗಳ ಗುರುತು ತಪ್ಪುತ್ತಿತ್ತು.

ಎರಡು ದಿನ ಕಳೆದು ಮಗಳು ಕಿರುಚಿದಳು: "ಅಪ್ಪಾ, ಪಾಟಿ ಎಲ್ಲಾತ್ತೆಯುಂ ಡಿಲೀಟ್ ಪಣ್ಣಿಟ್ಟಾಂಗ!"

ಅಜ್ಜಿ ಎಲ್ಲವನ್ನೂ ಅಳಿಸಿಬಿಟ್ಟರಂತೆ. ಹೋಗಿ ನೋಡಿದರೆ ಮದುವೆ, ಮುಂಜಿ, ನಾಮಕರಣ, ಎಲ್ಲ ಮಾಯ. ಅತ್ತೆ ಶಾಂತವಾಗಿ ಹೇಳಿದರು, "ಗುರ್ತಿಲ್ಲದವರ ಪಟ ಮನೆಯಲ್ಲಿ ಎಂತಕ್ಕೆ? ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ." ಬುಟ್ಟಿ ತುಂಬಿದ ಹಾಗೆ ಬಿಡುವ ಹೆಂಗಸಲ್ಲ ಅವರು. ಮಾವನ ಫೋಟೋಗಳೂ ಅದರಲ್ಲೇ ಹೋದವು. ಮಾವ ತೀರಿಹೋದವರು, ಅವರ ಪಟ ಬೇರೆಲ್ಲೂ ಇಲ್ಲ. ಹೆಂಡತಿ ಅಪ್ಪನ ಮುಖ ಹುಡುಕಿ ಹುಡುಕಿ ಕಡೆಗೆ ನನ್ನ ಮುಖ ನೋಡಿದಳು. ಆ ವಾರದ ಮಾತು ಅಲ್ಲಿಗೇ ನಿಂತಿತು.

ಭಾವ ಭಾನುವಾರ ಬೆಳಿಗ್ಗೆ ಬಂದಿಳಿದರು. ಬೈಯಲಿಲ್ಲ. ಚಪ್ಪಲಿ ಬಿಚ್ಚದೆ ಕೇಳಿದರು, "ಹಳೆಯದು ಎಲ್ಲಿ ಉಂಟು?" ಹೋಟೆಲನ್ನು ಅಡುಗೆಯ ಭಟ್ಟರಿಗೆ ಬಿಟ್ಟು ಹೊರಟೆ. ಹಿಂದಿನ ಸೀಟಿನಿಂದ ಉಪದೇಶ ಸುರಿಯುತ್ತಲೇ ಇತ್ತು. "ಪೆನ್ ಡ್ರೈವಿಗೆ ಯಜಮಾನ ಯಾರು ಅಂತ ನೆನಪಿರುವುದಿಲ್ಲ ಭಾವ. ಯಾರ ಖಾತೆಯಲ್ಲಿ ಕೂತು ಸುರಿಯುತ್ತೀರೋ ಎಲ್ಲ ಅವರದ್ದಾಗುತ್ತದೆ. ಸಿಗ್ನಲ್ ಕೆಂಪಾಯಿತು, ನಿಲ್ಲಿಸಿ. ಅಮ್ಮನಿಗೆ ನೋಡುವ ಹಕ್ಕು ಮಾತ್ರ ಇತ್ತು. ನೀವು ಆಸ್ತಿ ಬರೆದುಕೊಟ್ಟಿರಿ."

ಅಂಗಡಿಯವನು, "ಅದು ಮೇಲೆ ಇರುಕ್ಕು ಸಾರ್, ಸಾಯಂಗಾಲಂ ಅಳಿಸ್ತೀನಿ," ಎಂದು ತಮಿಳು ಕನ್ನಡ ಬೆರೆಸಿ ಹೇಳಿದ. ಮೇಲೆ ಹೋದರೆ ಹಳೆಯ ಕಂಪ್ಯೂಟರುಗಳ ಗುಡ್ಡೆ. ನಮ್ಮದರ ಗುರುತಿಗೆ ಪೂಜೆಯ ಕುಂಕುಮ ಉಂಟಲ್ಲ ಎಂದೆ. ಎಲ್ಲದಕ್ಕೂ ಇತ್ತು! ಚೆನ್ನೈಯಲ್ಲಿ ಆಯುಧಪೂಜೆ ಕಾಣದ ಯಂತ್ರ ಯಾವುದು? ಗೋಪೀಚಂದನದ ಮುದ್ರೆ ಒತ್ತಿಸಿಕೊಂಡದ್ದು ಒಂದೇ ಒಂದಿತ್ತು. ಅತ್ತೆಯ ಕೈಕೆಲಸ. ಕೊಟ್ಟ ಸಾಮಾನನ್ನು ಮರಳಿ ಕೇಳುವಾಗ ಚೌಕಾಸಿ ಮಾಡಲು ಬಾಯಿಯೇ ಬರಲಿಲ್ಲ. ಅವನು ಹೇಳಿದ್ದಕ್ಕೆ ತಲೆಯಾಡಿಸಿದೆ.

ಮನೆಯಲ್ಲಿ ಭಾವ ಎರಡೂ ಯಂತ್ರಗಳ ನಡುವೆ ಒಂದು ವೈರು ಎಳೆದರು. ನಾನು ಅವಸರ ಮಾಡಿದೆ. "ಮೊದಲು ಜನ, ಆಮೇಲೆ ಸಾಮಾನು," ಎಂದರು. "ಇದಕ್ಕೆ ಒಳಗೆ ಹೆಸರು ಲೆಕ್ಕವಿಲ್ಲ, ನಂಬರು ಲೆಕ್ಕ. ಹಳೆಯದರಲ್ಲಿ ಅಮ್ಮನದು ಯಾವ ನಂಬರೋ ಹೊಸದರಲ್ಲೂ ಅದೇ ಇರಬೇಕು. ಇಲ್ಲದಿದ್ದರೆ ಅವಳ ಬೀಗದ ಕೈ ನಿಮ್ಮ ಜೇಬಿಗೆ ಬಂದೀತು." ಖಾತೆಗಳನ್ನು ಸರಿಮಾಡಿ ಒಂದು ಸಾಲು ಟೈಪು ಮಾಡಿದರು. ಫೋಟೋಗಳು ತಮ್ಮ ತಮ್ಮ ಯಜಮಾನರೊಂದಿಗೆ, ಬೀಗಗಳೊಂದಿಗೆ ದಾಟತೊಡಗಿದವು. ಮಾವ ಬಂದರು, ಪಂಚೆ ಎತ್ತಿ ಕಟ್ಟಿ ದೋಸೆ ಕಾವಲಿಯ ಮುಂದೆ ನಿಂತಿದ್ದಾರೆ. ಹೆಂಡತಿ ಸೆರಗಿನಿಂದ ಪರದೆ ಒರೆಸಿದಳು, ಧೂಳೇನೂ ಇರಲಿಲ್ಲ.

ಆಗ ಒಂದು ಫೋಲ್ಡರ್ ಕಣ್ಣಿಗೆ ಬಿತ್ತು: "ಅಮ್ಮನ ಕೆಲಸ". ಅದರೊಳಗೆ ಇವೇ ಫೋಟೋಗಳ ಇನ್ನೊಂದು ಪ್ರತಿ. ಅದಕ್ಕೆ ಬೀಗವಿಲ್ಲ. ಸುಮ್ಮನೆ ಜಾಗ ದಂಡ ಅಲ್ಲವಾ ಎಂದು ಕೇಳಿದೆ.

ಭಾವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಮೊದಲು ಎಲ್ಲದಕ್ಕೂ ಬೀಗ ಹಾಕಿದ್ದೆ. ಅಮ್ಮ ಅಳಿಸಲಿಕ್ಕೆ ಹೋದರೆ 'ನಿಮಗೆ ಅಧಿಕಾರವಿಲ್ಲ' ಅಂತ ಬಂತು. ಅವಳು ನನ್ನನ್ನು ಕೇಳಿದಳು, 'ನಾನು ಈ ಮನೆಯವಳು ಅಲ್ಲವಾ ಮಗಾ?' ಅವತ್ತಿನಿಂದ ಇದನ್ನು ದಿನಾ ಬೆಳಿಗ್ಗೆ ತುಂಬಿಸುತ್ತೇನೆ, ನಾನು ಊರಲ್ಲಿ ಇಲ್ಲದಿದ್ದರೆ ಯಂತ್ರವೇ ತುಂಬಿಸುವ ಹಾಗೆ ಮಾಡಿಟ್ಟಿದ್ದೇನೆ. ಅವಳು ಖಾಲಿ ಮಾಡುತ್ತಾಳೆ. ನೀವು ತಂದ ಹೊಸದರಲ್ಲಿ ಇದು ಇರಲಿಲ್ಲ, ಅದಕ್ಕೇ ಒಳಗಿದ್ದದ್ದಕ್ಕೆ ಕೈ ಹಾಕಿದಳು."

ಮರುದಿನ ಕ್ಯಾಬು ಹಾರ್ನ್ ಹೊಡೆಯುತ್ತಿದ್ದರೂ ಭಾವ ಅತ್ತೆಯ ಹಿಂದೆಯೇ ನಿಂತಿದ್ದರು. ಅತ್ತೆ ಕಾವಲಿಯ ಮುಂದಿನ ಮಾವನನ್ನು ತುಸು ಹೊತ್ತು ದಿಟ್ಟಿಸಿ, ಅಳಿಸಿ, ಕೈ ಕೊಡವಿಕೊಂಡರು. "ಆಯ್ತು ಮಗಾ. ಈಗ ಮನೆ ಮನೆಯ ಹಾಗೆ ಉಂಟು."

"ಹೌದಮ್ಮ," ಎಂದರು ಭಾವ. "ನೀನಿಲ್ಲದಿದ್ದರೆ ಯಾರು ಮಾಡುತ್ತಿದ್ದರು?"

ಆದ್ದರಿಂದ ನನ್ನ ಮಾತು ಕೇಳಿ. ಹೊಸ ಕಂಪ್ಯೂಟರ್ ತಂದ ಕೂಡಲೇ ಹಳೆಯದನ್ನು ಕೊಟ್ಟುಬಿಡಬೇಡಿ, ಅಂಗಡಿಯವನು ಎಷ್ಟೇ ಆಸೆ ತೋರಿಸಲಿ. ಫೈಲಿನ ಜೊತೆಗೆ ಅದರ ಯಜಮಾನ, ಅದರ ಬೀಗ ಎರಡೂ ದಾಟುವ ಹಾಗೆ ನಕಲು ಮಾಡುವ ಕ್ರಮ ಉಂಟು. ಗೊತ್ತಿದ್ದವರನ್ನು ಕರೆಸಿ, ಒಳ್ಳೆಯ ಕಾಫಿ ಕೊಡಿ, ಅವಸರ ಮಾಡಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೆ ಅಳಿಸಲಿಕ್ಕೆಂದೇ ಒಂದು ಫೋಲ್ಡರ್ ಇಡಿ. ದಿನಾ ಬೆಳಿಗ್ಗೆ ಅವರು ಏಳುವ ಮೊದಲು ಅದನ್ನು ತುಂಬಿಸಿ.