ಅಟ್ಟ ಹತ್ತಿದ ಪ್ರಿಂಟರ್

ಒಂದು ಕಾಲದಲ್ಲಿ ಹೊನ್ನವಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದವನು ನಾನು. ಎರಡು ವರ್ಷ ನಡೆಸಿ, ಬಾಗಿಲು ಹಾಕಿ, ಮತ್ತೆ ತೋಟಕ್ಕೆ ಬಂದೆ. ಅಂಗಡಿ ಹೋದರೂ ಎರಡು ವಸ್ತು ಮನೆಯಲ್ಲಿ ಉಳಿದವು. ಒಂದು ಲೇಸರ್ ಪ್ರಿಂಟರ್. ಇನ್ನೊಂದು, ಕಂಪ್ಯೂಟರ್ ವಿಷಯ ಊರಲ್ಲಿ ನನ್ನನ್ನು ಬಿಟ್ಟರೆ ಇನ್ಯಾರಿಗೂ ತಿಳಿಯದು ಎಂಬ ನಂಬಿಕೆ. ಪ್ರಿಂಟರಿಗೆ ಈಗ ಹದಿನಾಲ್ಕು ವರ್ಷ. ನಂಬಿಕೆಗೂ ಅಷ್ಟೇ.

ಹೋದ ಭಾನುವಾರದವರೆಗೆ ಎರಡೂ ಗಟ್ಟಿಯಾಗಿದ್ದವು.

ನನ್ನ ಹೆಂಡತಿ ಸರೋಜ ಈ ವರ್ಷ ನಮ್ಮೂರ ಮಹಿಳಾ ಭಜನಾ ಮಂಡಳಿಯ ಮುಖ್ಯಸ್ಥೆ. ಭಾನುವಾರ ಸಂಜೆ ತಿಪಟೂರಿನಲ್ಲಿ ಭಜನಾ ಸ್ಪರ್ಧೆ ಇತ್ತು. ಅದಕ್ಕೆಂದು ಅವಳೇ ಕೂತು ದೇವಿಯ ಮೇಲೆ ಒಂದು ಹಾಡು ಬರೆದಿದ್ದಳು. ಜೀವಮಾನದಲ್ಲಿ ಅವಳು ಬರೆದ ಮೊದಲ ಹಾಡು ಅದು. ಹಾರ್ಮೋನಿಯಂ ಅವಳದು, ಹಾಡುವವರು ಹನ್ನೆರಡು ಜನ. ಒಬ್ಬರಿಗೂ ಬಾಯಿಪಾಠ ಆಗಿರಲಿಲ್ಲ. ಆಗುವುದಾದರೂ ಹೇಗೆ, ಮೂರನೇ ನುಡಿಯನ್ನು ಅವಳು ಗುರುವಾರದವರೆಗೂ ತಿದ್ದುತ್ತಲೇ ಇದ್ದಳು! ಹಾಳೆ ನೋಡಿ ಹಾಡಬಹುದು ಎಂದು ನಿಯಮದಲ್ಲಿತ್ತು. ಹಾಗಾಗಿ ಹನ್ನೆರಡು ಪ್ರತಿ ಬೇಕಿತ್ತು.

ಶನಿವಾರ ಅವಳು ತಿಪಟೂರಿಗೆ ಹೋಗಿ ಟೈಪು, ಜೆರಾಕ್ಸು ಎಲ್ಲ ಮಾಡಿಸಿಕೊಂಡು ಬರುತ್ತೇನೆಂದು ಸೀರೆ ಉಟ್ಟು, ಚೀಲ ಹಿಡಿದು ಹೊರಟು ನಿಂತಿದ್ದಳು. ನಾನು ತಡೆದೆ.

“ಮನೇಲಿ ಪ್ರಿಂಟರ್ ಮಡಿಕಂಡು ಯಾರಾದ್ರೂ ತಿಪ್ಟೂರಿಗೆ ಹೋಗ್ತಾರೇನೇ? ಹತ್ತು ನಿಮಿಷದ ಕೆಲ್ಸ ಕಣೇ.”

“ಹೊಸ ಲ್ಯಾಪ್‌ಟಾಪ್ ತಂದ್ಮೇಲೆ ಅದ್ರಲ್ಲಿ ಒಂದ್ಸಲನಾದ್ರೂ ಪ್ರಿಂಟ್ ತೆಗ್ದಿದ್ದೀರಾ?” ಅಂದಳು.

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಅನ್ನಿಸಿತು. ಅವಳು ಒಳಗೆ ಹೋಗಿ ಸೀರೆ ಬದಲಿಸಿದಳು.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ಹಾಡನ್ನು ಟೈಪ್ ಮಾಡಿ, ಪ್ರಿಂಟರಿಗೆ ವೈರು ಸಿಕ್ಕಿಸಿದೆ. ಹೊಸ ಆಪರೇಟಿಂಗ್ ಸಿಸ್ಟಮ್ ‘ಇದು ಯಾವ ಸಾಧನವೋ ಗುರುತು ಸಿಗುತ್ತಿಲ್ಲ’ ಅಂದಿತು. ಹದಿನಾಲ್ಕು ವರ್ಷ ನನ್ನ ಹತ್ತಿರ ದುಡಿದವನನ್ನು ಮೂರು ತಿಂಗಳ ಹಿಂದೆ ಬಂದದ್ದು ‘ನೀನ್ಯಾರು’ ಅಂತ ಕೇಳುತ್ತಿದೆ! ಇರಲಿ, ಪ್ರಿಂಟರನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಸಿಡಿ ಜೋಪಾನವಾಗಿ ಇಟ್ಟಿದ್ದೆ. ಬೀರುವಿನಿಂದ ತೆಗೆದು, ಒರೆಸಿ, ಲ್ಯಾಪ್‌ಟಾಪಿನ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ತಿರುಗಿಸಿ ಹಿಂದಕ್ಕೂ ನೋಡಿದೆ. ಸಿಡಿ ಹಾಕಲು ಜಾಗವೇ ಇಲ್ಲ.

ಕಂಪನಿಯ ವೆಬ್‌ಸೈಟಿಗೆ ಹೋದೆ. ಈ ಮಾದರಿಗೆ ನಮ್ಮ ಸೇವೆ ನಿಂತಿದೆ, ಹೊಸದನ್ನು ಕೊಳ್ಳಿ ಎಂದು ಬಹಳ ಮರ್ಯಾದೆಯಿಂದ ಹೇಳಿತು. ಇನ್ನೆಲ್ಲಿಂದಲೋ ಹಳೆಯ ಡ್ರೈವರ್ ಇಳಿಸಿಕೊಂಡೆ. ಇದು ಈ ಸಿಸ್ಟಮಿಗೆ ಹೊಂದುವುದಿಲ್ಲ ಎಂದು ಬಂತು. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಅದೇ ಮಾತು. ಗಂಟೆ ಹನ್ನೊಂದಾಯಿತು. ಅಡುಗೆಮನೆಯಿಂದ ಸರೋಜ ಹತ್ತು ನಿಮಿಷ ಆಯಿತಾ ಎಂದು ವಿಚಾರಿಸಿದಳು.

ಆಗ ನಾನು ಗಂಭೀರವಾಗಿ ಯೋಚಿಸಿದೆ. ಲ್ಯಾಪ್‌ಟಾಪ್ ಹೊಸದು. ಹೊಸದರಲ್ಲಿ ದೋಷ ಇರಲಾರದು. ಹಾಗಾದರೆ ದೋಷ ಪ್ರಿಂಟರಿನದೇ. ಬಹುಶಃ ಕಾರ್ಟ್ರಿಜ್‌ನಲ್ಲಿ ಮಸಿಪುಡಿ ಮುಗಿದಿದೆ. ಮುಚ್ಚಳ ತೆಗೆದು ಕಾರ್ಟ್ರಿಜ್ ಹೊರಗೆಳೆದೆ.

ಇಲ್ಲಿ ನಮ್ಮ ಸೀಮೆಯವರ ಒಂದು ಅಭ್ಯಾಸ ಹೇಳಬೇಕು. ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗೆ ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ. ಗಡಗಡ ಅಂದರೆ ಆಯಿತು ಅಂತ ಅರ್ಥ. ನಮ್ಮಪ್ಪ ಹಾಗೆ ನೋಡುತ್ತಿದ್ದರು, ಅವರಪ್ಪನೂ ಹಾಗೇ. ನಾನೂ ಕಾರ್ಟ್ರಿಜ್ ಅನ್ನು ಕಿವಿಗೆ ಹಿಡಿದು ನಾಲ್ಕು ಸಲ ಬಲವಾಗಿ ಅಲ್ಲಾಡಿಸಿದೆ.

ಪುಡಿ ಇತ್ತು.

ಅರ್ಧ ನನ್ನ ಪಂಚೆ ಮೇಲೆ, ಉಳಿದದ್ದರಲ್ಲಿ ಸ್ವಲ್ಪ ನೆಲಕ್ಕೆ, ಸ್ವಲ್ಪ ಕಿವಿಯೊಳಕ್ಕೆ. ಮಡಿಲಲ್ಲಿದ್ದ ಪುಡಿಯನ್ನು ಕೊಡವಲು ಎದ್ದು ನಿಂತೆ. ಅದು ಇನ್ನೊಂದು ತಪ್ಪು. ನನ್ನ ಕೆಮ್ಮು ಕೇಳಿ ಬಂದ ಸರೋಜ ಬಾಗಿಲಲ್ಲೇ ನಿಂತು ನೋಡಿದಳು.

“ಪ್ರಿಂಟ್ ಹಾಳೆ ಮೇಲೆ ಬರ್ಬೇಕಿತ್ತು ಕಣ್ರೀ,” ಅಂದಳು.

ಮುಖ ತೊಳೆದೆ, ಪಂಚೆ ಬದಲಿಸಿದೆ. ಬಲಗಿವಿಯ ಕಪ್ಪು ಮಾತ್ರ ಸೋಪಿಗೆ ಜಗ್ಗಲಿಲ್ಲ. ಕಾರ್ಟ್ರಿಜ್ ಮತ್ತೆ ಕೂರಿಸಿ, ಅಭಿಮಾನ ಬದಿಗಿಟ್ಟು ಫಯಾಜ್‌ಗೆ ಫೋನ್ ಮಾಡಿದೆ. ಫಯಾಜ್ ನನ್ನ ಜೊತೆ ಓದಿದವನು, ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವತ್ತು ನೆಂಟರ ಮದುವೆಗೆಂದು ಹುಳಿಯಾರಿನಲ್ಲಿದ್ದ. ಊಟಕ್ಕೆ ಕೂತಿದ್ದನೋ ಏನೋ, ಮಾತು ತುತ್ತಿನ ನಡುವೆ ಬರುತ್ತಿತ್ತು.

“ಲೇ ಮಂಜ, ಆ ಮಾಡೆಲ್ ಹೆಸ್ರು ಮರ್ತ್ ಬುಡು. ಲಿಸ್ಟಲ್ಲಿ ಅದೇ ಕಂಪ್ನೀದು, ಅದಕ್ಕಿಂತ ಒಂದ್ ನಂಬರ್ ಮೇಲಿಂದು ಇರ್ತದೆ. ಅದ್ರ ಡ್ರೈವರ್ ಹಾಕು.”

“ಬೇರೇದ್ರ ಡ್ರೈವರ್ ಹಾಕಿದ್ರೆ ಇದು ಒಪ್ತದೇನ್ಲಾ?”

“ಅಣ್ಣನ ಅಂಗಿ ತಮ್ಮ ಹಾಕ್ಕಳಲ್ವಾ? ಹಂಗೇಯ. ಟೆಸ್ಟ್ ಪೇಜ್ ಒಂದೇ ಒಂದ್ಸಲ ಒತ್ತು. ಒತ್ತಿ ಸುಮ್ನಿರು.”

ಅಣ್ಣನ ಅಂಗಿ ಹಾಕಿದೆ. ಸಿಸ್ಟಮ್ ತಕರಾರಿಲ್ಲದೆ ಒಪ್ಪಿತು! ಟೆಸ್ಟ್ ಪೇಜ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಂದು ಸಲ ಒತ್ತಿದೆ. ಬೋರ್‌ವೆಲ್ ಮೋಟಾರು ಎತ್ತದಿದ್ದರೆ ಎತ್ತುವವರೆಗೂ ಸ್ಟಾರ್ಟರ್ ಒತ್ತುವವರು ನಾವು. ಹಾಗೇ ಒತ್ತಿದೆ. ಊಟ ಮಾಡಿ ಬಂದು ಮತ್ತೆ ಒತ್ತಿದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ.

ಅಷ್ಟೊತ್ತಿಗೆ ಮಂಡಳಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿಯಲ್ಲಿ ಕೂತರು. ಪಕ್ಕದ ಮನೆ ರತ್ನಕ್ಕ ಒಳಗೆ ಇಣುಕಿ, ಪ್ರಿಂಟರಿನ ಹಿಂದೆ ನೇತಾಡುತ್ತಿದ್ದ ವೈರನ್ನು ತೋರಿಸಿ, ಅದು ಎಲ್ಲಿಗೂ ಹೋಗುವುದಿಲ್ಲವಾ ಎಂದು ಕೇಳಿದರು.

ಕಾರ್ಟ್ರಿಜ್ ತೆಗೆಯುವಾಗ ನಾನೇ ಕಿತ್ತಿಟ್ಟಿದ್ದೆ. ಯಾರಿಗೂ ಮುಖ ತೋರಿಸದೆ ಸಿಕ್ಕಿಸಿದೆ.

ಪ್ರಿಂಟರ್ ಗುಡುಗಿತು. ಮೊದಲ ಹಾಳೆ ಬಂತು. ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಅಭಿನಂದನೆಗಳು, ನಿಮ್ಮ ಪ್ರಿಂಟರನ್ನು ಸರಿಯಾಗಿ ಜೋಡಿಸಿದ್ದೀರಿ ಎಂದಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಎರಡನೇ ಹಾಳೆ ಬಂತು. ಅದರಲ್ಲೂ ಅಭಿನಂದನೆ. ಮೂರನೆಯದು, ನಾಲ್ಕನೆಯದು. ನಾನು ಒತ್ತಿದ್ದೆಲ್ಲ ಸಾಲುಗಟ್ಟಿ ಕಾದಿತ್ತು. ಸ್ವಿಚ್ ಆರಿಸಬಹುದಿತ್ತು. ಆದರೆ ಆರಿಸಿದರೆ ಮತ್ತೆ ಶುರುವಾಗದಿದ್ದರೆ? ಆ ಭಯಕ್ಕೆ ನೋಡುತ್ತಾ ನಿಂತೆ. ಹನ್ನೆರಡರವರೆಗೆ ಅಕ್ಷರ ಚೆನ್ನಾಗಿತ್ತು. ಹದಿಮೂರನೆಯದು ಮಸುಕು. ಹದಿನೈದರ ಹೊತ್ತಿಗೆ ಖಾಲಿ ಹಾಳೆ. ಅಳಿದುಳಿದ ಪುಡಿಯೆಲ್ಲ ನನ್ನನ್ನು ಅಭಿನಂದಿಸುವುದರಲ್ಲೇ ಮುಗಿದಿತ್ತು.

ಗಂಟೆ ಎರಡೂವರೆ. ನಾಲ್ಕಕ್ಕೆ ಬಸ್ಸು. ಭಾನುವಾರ, ತಿಪಟೂರಿನ ಜೆರಾಕ್ಸ್ ಅಂಗಡಿಗಳೂ ಬಾಗಿಲು ಹಾಕಿದ್ದವು. ಸರೋಜ ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಮೊದಲ ಹಾಡು ಲ್ಯಾಪ್‌ಟಾಪಿನ ಪರದೆ ಮೇಲೆ ಸುಮ್ಮನೆ ಮಿನುಗುತ್ತಿತ್ತು.

ಆಮೇಲೆ ಅವಳು ಹಾಳೆಗಳನ್ನು ಎತ್ತಿಕೊಂಡಳು, ಮಗುಚಿ ಖಾಲಿ ಬದಿ ನೋಡಿದಳು, ಜಗಲಿಗೆ ಹೋದಳು.

“ಪೆನ್ ತಗಳ್ರೇ. ನಾನ್ ಹೇಳ್ತೀನಿ, ನೀವ್ ಬರ್ಕಳಿ.”

ಹನ್ನೆರಡು ಜನ ಕೂತು ಬರೆದರು. ಹೇಳುತ್ತಾ ಹೇಳುತ್ತಾ ಅವಳು ಮೂರನೇ ನುಡಿಯನ್ನು ಇನ್ನೊಂದು ಸಲ ತಿದ್ದಿದಳು. ಕೈಯಾರೆ ಬರೆದದ್ದಕ್ಕೋ ಏನೋ, ಬಸ್ಸು ತಿಪಟೂರು ಮುಟ್ಟುವಷ್ಟರಲ್ಲಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ವೇದಿಕೆ ಮೇಲೆ ಹಾಳೆ ಹಿಡಿದಿದ್ದರೂ ಯಾರೂ ಅದರ ಕಡೆ ನೋಡಲಿಲ್ಲ. ಎರಡನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು ಮಾತ್ರ ಸರೋಜಳನ್ನು ಪಕ್ಕಕ್ಕೆ ಕರೆದು, ನಿಮ್ಮ ಮಂಡಳಿಗೆ ಯಾವ ಪ್ರಿಂಟರ್ ಕಂಪನಿ ಪ್ರಾಯೋಜಕರು ಎಂದು ಕೇಳಿದರಂತೆ.

ಯಾಕೆಂದು ಫೋಟೊ ಬಂದಾಗ ಗೊತ್ತಾಯಿತು. ಹನ್ನೆರಡು ಹೆಂಗಸರು ಸಾಲಾಗಿ ನಿಂತು, ಹಾಡಿನ ಬದಿ ತಮ್ಮ ಕಡೆಗೆ, ಅಭಿನಂದನೆಯ ಬದಿ ಸಭೆಗೆ ಹಿಡಿದಿದ್ದಾರೆ.

ಸರೋಜ ಅದಕ್ಕೆ ಕಟ್ಟು ಹಾಕಿಸಿ, ಪ್ರಿಂಟರ್ ಇದ್ದ ಜಾಗದಲ್ಲೇ ತೂಗುಹಾಕಿದ್ದಾಳೆ. ಪ್ರಿಂಟರ್ ಈಗ ಅಟ್ಟದ ಮೇಲೆ, ಕಾಯಿಗಳ ಜೊತೆ ಇದೆ. ವರ್ಷ ಕಳೆಯಲಿ, ಆಮೇಲೆ ಇಳಿಸಿ ಅಲ್ಲಾಡಿಸಿ ನೋಡಿ ಎಂದಿದ್ದಾಳೆ.

ಫೋಟೊದ ಎಡ ಮೂಲೆಯಲ್ಲಿ, ಹನ್ನೆರಡು ಹೆಂಗಸರ ಕೈಚೀಲಗಳನ್ನು ಹೆಗಲಿಗೆ ಹಾಕಿಕೊಂಡು ನಿಂತ ಒಬ್ಬ ಗಂಡಸಿದ್ದಾನೆ. ಅವನ ಒಂದು ಕಿವಿ ಮಾತ್ರ ಕಪ್ಪು. ಆ ಅಭಿನಂದನೆಯೆಲ್ಲ ಅವನಿಗೇ ಸೇರಿದ್ದು.