ಹತ್ತು ವರ್ಷ ಮುಂದಕ್ಕೆ ಹೋದ ಯಜಮಾನರು

ಹೊಸ ವಿದ್ಯೆ ಕಲಿಯಲು ಹೊರಟವರಿಗೆ ದೇವರು ಮೊದಲು ಫಜೀತಿ ಕೊಡುತ್ತಾನೆ, ವಿದ್ಯೆಯ ಮಾತು ಆಮೇಲೆ. ಎರಡು ಸಾವಿರದ ಏಳರ ಸುಮಾರಿನಲ್ಲಿ ನಾನು ಕಡಕೊಳದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಹಂಗಾಮಿ ಟೈಪಿಸ್ಟ್. "ಆಯುಧಪೂಜೆಗೆ ನಮ್ಮ ವೆಬ್‌ಸೈಟ್ ರೆಡಿ ಮಾಡಮ್ಮ, ಕೆಲಸ ಕಾಯಂ ಮಾಡ್ತೀನಿ" ಎಂದರು ಚಿಕ್ಕ ಯಜಮಾನರು. ಏನೂ ಗೊತ್ತಿಲ್ಲದ ನಾನು ಧೈರ್ಯವಾಗಿ "ಆಗ್ಲಿ ಸಾರ್" ಎಂದುಬಿಟ್ಟೆ.

೧. ವೈರಸ್ಸು

ಸಂಜೆ ಮೈಸೂರಿನ ಸರಸ್ವತಿಪುರಂನಲ್ಲಿ ಕಂಪ್ಯೂಟರ್ ಕ್ಲಾಸು. ವೆಬ್‌ಸೈಟಿನ ಚೌಕಟ್ಟು ತಯಾರಿರುತ್ತದೆ, ಒಳಗೆ ಹೋಗಿ ಬೇಕಾದ್ದು ತುಂಬಿ 'ಪಬ್ಲಿಷ್' ಒತ್ತಿದರೆ ಸಾಕು ಎಂದರು ಮೇಷ್ಟ್ರು. ನಾನು ಪುಟಕ್ಕೆ ಹಸಿರು ಬಣ್ಣ ಹಾಕಿದೆ. ನೋಡುತ್ತಿದ್ದಂತೆ ಕೆಂಪಾಯಿತು. ಮತ್ತೆ ಹಸಿರು ಹಾಕಿದೆ, ಮತ್ತೆ ಕೆಂಪು. ಅಷ್ಟರಲ್ಲಿ ಪಕ್ಕದ ಕಂಪ್ಯೂಟರಿನಲ್ಲಿದ್ದ ರಿಟೈರ್ಡ್ ಹೆಡ್‌ಮಾಸ್ಟರರು ಕೂಗಿಕೊಂಡರು.

"ವೈರಸ್ ಬಂದ್ಬುಟ್ಟಿದೆ ಕಣ್ರೀ! ನಾನು ಕೆಂಪು ಹಾಕಿದ್ರೆ ಹಸಿರು ಮಾಡ್ತದೆ!"

ಮೇಷ್ಟ್ರು ಎರಡೂ ಪರದೆ ನೋಡಿದರು. "ಇಬ್ರೂ ಒಂದೇ ವೆಬ್‌ಸೈಟ್ ಒಳಗೆ ಕೂತಿದೀರಿ. ನಿಮಗೆ ಅವರು ವೈರಸ್ಸು, ಅವರಿಗೆ ನೀವು."

೨. ನಲವತ್ತು ಜನ

ಅಂತೂ ಕಾರ್ಖಾನೆಯ ಪುಟ ಶುರುವಾಯಿತು. ಅದರ ಕೆಳಗೆ ಎಷ್ಟು ಸಲ ನೋಡಿದ್ದಾರೆಂದು ತೋರಿಸುವ ಒಂದು ಮೀಟರು. ಮೊದಲ ದಿನವೇ ನಲವತ್ತು! ಚಿಕ್ಕ ಯಜಮಾನರು ಕುಣಿದಾಡಿ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿಸಿದರು. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನಲವತ್ತು ಸಲ ತೆಗೆದು ನೋಡಿದವಳು ನಾನೇ. ಹೇಳೋಣವೆಂದರೆ ಬಾಯಿ ತುಂಬ ಮೈಸೂರು ಪಾಕ್.

೩. ಆಶೀರ್ವಾದ

ಕಾರ್ಖಾನೆಯವರೆಲ್ಲರ ಫೋಟೋ, ಎರಡೆರಡು ಮಾತು ಹಾಕಬೇಕೆಂದು ಅಪ್ಪಣೆಯಾಯಿತು. ಮರ್ಯಾದೆಯಂತೆ ಮೊದಲು ಎಂಬತ್ತೊಂದು ವರ್ಷದ ದೊಡ್ಡ ಯಜಮಾನರ ಆಶೀರ್ವಾದ ಹಾಕಿದೆ, ಆಮೇಲೆ ಮಗನದು, ಮ್ಯಾನೇಜರದು, ಕೊನೆಗೆ ವ್ಯಾನ್ ಡ್ರೈವರದು. ಆದರೆ ಈ ವೆಬ್‌ಸೈಟಿಗೆ ಹಿರಿಯರು ಕಿರಿಯರೆಂಬ ಭೇದವಿಲ್ಲ, ಕೊನೆಗೆ ಬಂದವರೇ ಮೇಲೆ. ಡ್ರೈವರ್ ನೆತ್ತಿಯ ಮೇಲೆ, ದೊಡ್ಡ ಯಜಮಾನರು ಪಾತಾಳದಲ್ಲಿ!

ಆಮೇಲೆ ಒಂದು ಉಪಾಯ ಹೊಳೆಯಿತು. ತಾರೀಖು ಹೊಸದಾದಷ್ಟೂ ಮೇಲೆ ತಾನೆ? ದೊಡ್ಡ ಯಜಮಾನರ ತಾರೀಖನ್ನು ಹತ್ತು ವರ್ಷ ಮುಂದಕ್ಕೆ ತಳ್ಳಿದೆ. ಇನ್ನು ಯಾರು ಬಂದರೂ ಅವರೇ ಮೇಲೆ ಎಂದು ಬೀಗಿ, ಈ ಸಲ ತೆಗೆದು ನೋಡಲೂ ಇಲ್ಲ.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ, ಹೂವಿನ ಹಾರ. ಮಂಗಳಾರತಿಯಾಗಿ ಪುಟ ತೆಗೆದರೆ ಎಲ್ಲರೂ ಇದ್ದಾರೆ, ದೊಡ್ಡ ಯಜಮಾನರೇ ಇಲ್ಲ. ಮುಂದಿನ ತಾರೀಖು ಹಾಕಿದರೆ ಆ ದಿನ ಬರುವವರೆಗೂ ತೋರಿಸುವುದಿಲ್ಲವಂತೆ! ಕಾಯಂ ಕೆಲಸ ಕಣ್ಣೆದುರೇ ಕರ್ಪೂರದಂತೆ ಕರಗಿತು.

"ನಾನೆಲ್ಲಮ್ಮ?" ಎಂದರು ದೊಡ್ಡ ಯಜಮಾನರು.

"ಸಾರ್... ನೀವು... ಹತ್ತು ವರ್ಷ ಬಿಟ್ಟು ಬರ್ತೀರಿ."

ಮುದುಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಡಾಕ್ಟ್ರು ಮುಂದಿನ ಯುಗಾದಿಗೇ ಗ್ಯಾರಂಟಿ ಕೊಡಲ್ಲ ಅಂದ್ರು, ಇವಳು ಹತ್ತು ವರ್ಷ ಕೊಟ್ಬುಟ್ಟಳಲ್ಲೋ! ಕಾಯಂ ಮಾಡೋ ಇವಳನ್ನ. ನಾನು ಬಂದಾಗ ಬಾಗಿಲು ತೆಗೆಯೋಕೆ ಒಬ್ರು ಬೇಡ್ವಾ?"