ಮಹಡಿ ಕೋಣೆಯ ಜಪಾನಿ ಹಾಡು

ನಾನು ಹಾಡಿದಾಗಲೆಲ್ಲ ಏನಾದರೊಂದು ಆಗುತ್ತದೆ. ಕರೆಂಟ್ ಹೋಗುತ್ತದೆ, ಮಗು ಅಳುತ್ತದೆ, ಮಲಗಿದ ನಾಯಿ ಎದ್ದು ಆಚೆ ಹೋಗುತ್ತದೆ. ಟೆಕ್ಸಸ್‌ಗೆ ಬಂದು ಜಪಾನಿ ಭಾಷೆಯಲ್ಲಿ ಹಾಡತೊಡಗಿದ ಮೇಲೆ ಆದದ್ದೆಲ್ಲ ಬೇರೆಯೇ ತರಹದ್ದು. ನೆನೆಸಿಕೊಂಡರೆ ನಗು ಬರುತ್ತದೆ, ಕುತ್ತಿಗೆಯ ಹಿಂದೆ ಸ್ವಲ್ಪ ತಣ್ಣಗೂ ಆಗುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಅಲೆನ್ ಎಂಬ ಊರಲ್ಲಿ ಹೊಸ ಮನೆ ಕೊಂಡಿದ್ದೆವು. ನಾನು ಬೆಳಿಗ್ಗೆ ಇರ್ವಿಂಗ್‌ನ ಆಫೀಸಿಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಹೆಂಡತಿಯೊಬ್ಬಳೇ. ಅಕ್ಕಪಕ್ಕದ ಮನೆಗಳಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮೊದಲ ವಾರವೇ ಅವಳು ಹೇಳಿಬಿಟ್ಟಳು: "ರೀ, ಯುಗಾದಿವರೆಗೂ ನೋಡ್ತೀನಿ. ಆಮೇಲೂ ಹೀಗೇ ಭಯ ಆದ್ರೆ ನಾನು ಹ್ಯೂಸ್ಟನ್‌ಗೆ ಅಕ್ಕನ ಮನೆಗೆ ಹೋಗಿಬಿಡ್ತೀನಿ. ನೀವು, ನಿಮ್ಮ ಮನೆ, ಇಬ್ರೂ ಸುಖವಾಗಿರಿ."

"ಸರಿ, ನೋಡೋಣ" ಅಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಅಷ್ಟೇ.

೧. ಮತ್ತೆ

ನಮ್ಮ ಟೀಮಿನಲ್ಲಿ ಒಬ್ಬ ಜಪಾನಿ ಇಂಜಿನಿಯರ್ ಇದ್ದಳು. ನಮ್ಮ ಹಾಗೆಯೇ ಮೂವತ್ತು ದಾಟಿದವಳು. ಭಾನುವಾರ ಟೀಮಿನವರೆಲ್ಲ ಸೇರುತ್ತಿದ್ದ ಅವಳ ಮನೆಯಲ್ಲಿ ಒಂದು ಕರೋಕೆ ಮೆಷಿನ್ ಇತ್ತು. ಹಿಂದೆ ವಾದ್ಯ ಬಾರಿಸುತ್ತದೆ, ಮುಂದೆ ನಾವು ಮೈಕು ಹಿಡಿದು ಹಾಡಬೇಕು. ಡಿಸ್ಕುಗಳ ತುಂಬ ಅವಳ ಶಾಲಾದಿನಗಳ ಹಾಡುಗಳು. ಅವಳು ಕಣ್ಣೊರೆಸಿಕೊಂಡು ಹಾಡುತ್ತಿದ್ದಳು. ಅರ್ಥವಾಗದಿದ್ದರೂ ನಾವೂ ಒರೆಸಿಕೊಳ್ಳುತ್ತಿದ್ದೆವು. ಮೂವತ್ತು ದಾಟಿದ ಮೇಲೆ ಅಳುವುದಕ್ಕೆ ಅರ್ಥ ಬೇಕಾಗುವುದಿಲ್ಲ.

ಅದರಲ್ಲೊಂದು ಹಾಡನ್ನು ನಾನು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ನಾನು ಮೈಕು ಹಿಡಿದ ಮೊದಲ ಭಾನುವಾರ ಎರಡು ಸಾಲು ಹಾಡಿರಬೇಕು, ಅವಳು ಕೈಯೆತ್ತಿ "ಮತ್ತೆ!" ಅಂದಳು. ಕನ್ನಡ ಕಲಿತುಬಿಟ್ಟಿದ್ದಾಳಲ್ಲ ಅಂತ ಹಿಗ್ಗಿ, ಮತ್ತೆ ಮೊದಲಿಂದ ಹಾಡಿದೆ. "ಮತ್ತೆ, ಮತ್ತೆ!" ಅಂದಳು. ಇನ್ನೂ ಜೋರಾಗಿ ಹಾಡಿದೆ. ಅವಳ ಮುಖ ಬಿಳಿಚಿಕೊಂಡಿತು. ಐದನೇ ಸಲಕ್ಕೆ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತಳು.

ಜಪಾನಿಯಲ್ಲಿ ಮತ್ತೆ ಅಂದರೆ "ನಿಲ್ಲು, ತಡಿ" ಅಂತಂತೆ. ಆರಂಭದ ವಾದ್ಯ ಮುಗಿಯುವ ಮೊದಲೇ ಹಾಡಲು ಶುರು ಮಾಡಿದ್ದೆ, ಅದಕ್ಕೆ ತಡೆದಿದ್ದಾಳೆ ಪಾಪ. ಸೋಮವಾರ ಆಫೀಸಿನಲ್ಲಿ ನನ್ನನ್ನು ತೋರಿಸಿ, "ಬೇಡಿಕೊಂಡರೂ ಈ ಮನುಷ್ಯ ನಿಲ್ಲಿಸುವುದಿಲ್ಲ" ಎಂದು ಮ್ಯಾನೇಜರಿಗೆ ಹೇಳುತ್ತಿದ್ದಳು. ಅವನು ಅದನ್ನು ನನ್ನ ಅಪ್ರೈಸಲ್‌ನಲ್ಲಿ ಒಳ್ಳೆಯ ಗುಣ ಅಂತ ಬರೆದ.

೨. ಯಮ

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ನನ್ನ ಷಡ್ಡಕನ ಮನೆ, ಅಂದರೆ ಹೆಂಡತಿಯ ಆ ಅಕ್ಕನ ಮನೆ. ಅಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಇನ್ನೂ ಹೊತ್ತಿತ್ತು. ಯಾರೋ "ಒಂದು ಹಾಡು ಹೇಳಿ" ಅಂದರು. ನನಗೆ ಪೂರ್ತಿ ಬರುತ್ತಿದ್ದದ್ದು ಆ ಜಪಾನಿ ಹಾಡೊಂದೇ. ಕಣ್ಣು ಮುಚ್ಚಿ ನಿಧಾನವಾಗಿ ಶುರು ಮಾಡಿದೆ. ಹಿರಿಯರೆಲ್ಲ ತಲೆದೂಗಿದರು. ಹಳೇ ಪ್ರಾಕೃತ ಇರಬೇಕು ಎಂದು ಒಬ್ಬರು ಪಕ್ಕದವರ ಕಿವಿಯಲ್ಲಿ ಅಂದದ್ದೂ ಕೇಳಿಸಿತು.

ಆ ಹಾಡಿನಲ್ಲಿ ಬೆಟ್ಟದ ಮಾತು ಬರುತ್ತದೆ, ಮತ್ತು ಜಪಾನಿಯರು ಬೆಟ್ಟಕ್ಕೆ ಯಮ ಅನ್ನುತ್ತಾರೆ. ನಾನು ಎಳೆದು ಎಳೆದು "ಯಮಾ... ಯಮಾ..." ಅಂದೆ. ಧಾರವಾಡದ ಆಂಟಿಯೊಬ್ಬರು ಎದ್ದು ನಿಂತರು. "ಏನ್ರೀ ಇದು, ಪೂಜಾದ ದಿನಾ ಯಮನ್ನ ಕರೀತೀರಲ್ರೀ! ನಮ್ಮನಿಯವ್ರಿಗೆ ಮೊದಲ ಬಿಪಿ ಅದ!"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ತೆಗೆದರೆ ಆರೂವರೆ ಅಡಿ ಎತ್ತರದವನೊಬ್ಬ, ಕಪ್ಪು ಕೋಟು, ಕಪ್ಪು ಹ್ಯಾಟು. ನಮ್ಮನ್ನೆಲ್ಲ ಒಂದು ಸುತ್ತು ನೋಡಿ ನಕ್ಕ. ಆಂಟಿ ಗಂಡನ ತೋಳು ಹಿಡಿದುಕೊಂಡರು.

ಬಂದವನು ಲೈಫ್ ಇನ್ಶೂರೆನ್ಸ್ ಏಜೆಂಟ್. ಷಡ್ಡಕ ಅವನಿಗೆ ಬರಹೇಳಿ ಮರೆತಿದ್ದ. ಆಂಟಿಯ ಯಜಮಾನರು ಪ್ರಸಾದಕ್ಕೂ ಮುಂಚೆ ಫಾರಮ್ಮಿಗೆ ಸಹಿ ಹಾಕಿದರು.

ವಾಪಸು ನಾಲ್ಕು ಗಂಟೆಯ ದಾರಿ. ಮನೆ ಹತ್ತಿರವಾದಾಗ ಹೆಂಡತಿ, "ಯುಗಾದಿಗೆ ಇನ್ನು ಆರು ವಾರ" ಅಂದಳು.

೩. ಖಾಲಿ ಕುರ್ಚಿ

ಆಸ್ಟಿನ್‌ಗೆ ಕೆಲಸದ ಮೇಲೆ ಹೋದಾಗ ಟೀಮಿನವರೆಲ್ಲ ಊಟದ ನಂತರ ಒಂದು ಕರೋಕೆ ಕೋಣೆ ಹಿಡಿದೆವು. ಅಲ್ಲಿನ ಮೆಷಿನ್ ಹಾಡು ಮುಗಿದ ಕೂಡಲೇ ಅಂಕ ಕೊಡುತ್ತಿತ್ತು. ನನಗೆ ನೂರಕ್ಕೆ ಮೂವತ್ತೊಂದು ಬಂತು. ಬೇಜಾರಾಗಿ ಮೈಕನ್ನು ಮೂಲೆಯ ಖಾಲಿ ಕುರ್ಚಿಯ ಮೇಲಿಟ್ಟೆ. ಮುಂದಿನ ಹಾಡು ತಾನೇ ಶುರುವಾಗಿ, ಯಾರೂ ತುಟಿ ಬಿಚ್ಚದೆ, ತಾನೇ ಮುಗಿಯಿತು. ತೆರೆಯ ಮೇಲೆ ತೊಂಬತ್ತಾರು.

ಜಪಾನಿಯವಳು ಎದ್ದು ಆ ಕುರ್ಚಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ನಾನೂ ಕೈ ಮುಗಿದೆ. ಅರವತ್ತೈದು ಅಂಕ ಹೆಚ್ಚು ತೆಗೆದವರಿಗೆ ಅಷ್ಟಾದರೂ ಮರ್ಯಾದೆ ಬೇಡವೆ?

೪. ಇರು

ಜಪಾನಿಯವಳಿಗೆ ತನ್ನ ಊರಿಗೆ ವರ್ಗವಾಯಿತು. ಮೆಷಿನ್ನನ್ನು ನನಗೇ ಕೊಟ್ಟು ಹೋದಳು. ತಂದು ಮಹಡಿಯ ಕೋಣೆಯಲ್ಲಿಟ್ಟು, ಅವಳು ಜೋಡಿಸಿ ಕೊಟ್ಟಿದ್ದ ಹಾಗೆಯೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಕೆಲಸದ ಗಡಿಬಿಡಿಯಲ್ಲಿ ಮರೆತೆ.

ಮುಂದಿನ ಮಂಗಳವಾರ ಮಧ್ಯಾಹ್ನ ಹೆಂಡತಿಯ ಫೋನು. "ರೀ, ಮನೇಲಿ ಯಾರೋ ಹೆಂಗಸು ಇದ್ದಾಳೆ. 'ಇರು, ಇರು' ಅಂತಾಳೆ."

"ಕನ್ನಡದಲ್ಲಾ?"

"ಮತ್ತಿನ್ನೇನು! ನಮ್ಮ ಮೈಸೂರು ಕಡೆಯವಳ ಥರಾನೇ ಇದೆ."

ಅಂದಿನಿಂದ ದಿನಾ ಮಧ್ಯಾಹ್ನ ಎರಡು ಗಂಟೆಗೆ ಮೇಲಿಂದ ಅದೇ ದನಿ. ಹೆಂಡತಿ ಮಹಡಿ ಹತ್ತುವುದನ್ನೇ ಬಿಟ್ಟಳು. ಶನಿವಾರ, ಭಾನುವಾರ ಆ ಹೊತ್ತಿಗೆ ನಾವು ಇರ್ವಿಂಗ್‌ನಲ್ಲಿ ದೇವಸ್ಥಾನ, ದಿನಸಿ ಅಂತ ಓಡಾಡುತ್ತಿದ್ದೆವು; ನನ್ನ ಕಿವಿಗೆ ಅದು ಬೀಳಲೇ ಇಲ್ಲ. "ಭ್ರಮೆ ಕಣೇ" ಅಂದೆ. ಯುಗಾದಿಗೆ ಒಂದು ವಾರವಿದ್ದಾಗ ಸೂಟ್‌ಕೇಸು ಮಂಚದ ಮೇಲೆ ಬಂತು. ನನಗೆ ನಿಜವಾಗಿ ಹೆದರಿಕೆಯಾಯಿತು. ದೆವ್ವಕ್ಕಲ್ಲ, ಆ ಸೂಟ್‌ಕೇಸಿಗೆ.

ಮರುದಿನ ಆಫೀಸಿನಲ್ಲಿ ಕೂತಿದ್ದಾಗ ಮೆಷಿನ್ ನೆನಪಾಯಿತು. ಜಪಾನಿನಲ್ಲಿದ್ದ ಅವಳಿಗೆ ಫೋನ್ ಮಾಡಿದೆ. ಆಕೆ ನಕ್ಕಳು. ರಜೆಯ ದಿನ ಹಾಡಿನ ಅಭ್ಯಾಸ ತಪ್ಪಬಾರದೆಂದು ಪ್ಲಗ್ಗಿಗೆ ಟೈಮರ್ ಹಾಕಿದ್ದಳಂತೆ. ಎರಡು ಗಂಟೆಗೆ ಕರೆಂಟ್ ಬಂದು ಒಳಗಿರುವ ಡಿಸ್ಕು ಹಾಡುತ್ತದಂತೆ. "ಇರು?" ಅಂದೆ. "ಇದ್ದೇನೆ ಅಂತ. ನಿನ್ನ ಪಕ್ಕದಲ್ಲೇ ಇದ್ದೇನೆ ಅಂತ ಆ ಹಾಡು" ಅಂದಳು.

ಕುಣಿದುಕೊಂಡು ಮನೆಗೆ ಬಂದೆ. ದೆವ್ವ ಇಲ್ಲ ಅಂತ ಹೇಳಿದರೆ ಸಾಕು, ಹೆಂಡತಿ ಹೋಗುವುದಿಲ್ಲ. ಬಾಯಿ ತೆರೆಯುವ ಮೊದಲೇ ನೋಡಿದರೆ ಸೂಟ್‌ಕೇಸು ಖಾಲಿ, ಸೀರೆಗಳೆಲ್ಲ ಬೀರುವಿನಲ್ಲಿ.

"ಯುಗಾದಿವರೆಗೂ ಕಾಯೋಕಾಗ್ದೆ ಬಾಗಿಲ ಹತ್ರ ಸೂಟ್‌ಕೇಸ್ ಹಿಡ್ಕೊಂಡು ನಿಂತಿದ್ದೆ" ಅಂದಳು. "ಅವಳು 'ಇರು' ಅಂದಳು. ಮೂರು ಸಲ ಅಂದಳು. ಯಾರೋ ಅಷ್ಟು ಪ್ರೀತಿಯಿಂದ ಕರೆದ ಹಾಗಿತ್ತು. ಮೂರು ತಿಂಗಳಿಂದ ಹೋಗ್ತೀನಿ, ಹೋಗ್ತೀನಿ ಅಂತಿದ್ದೀನಿ. ನೀವು ಒಂದು ಸಲ ಆದ್ರೂ ಇರು ಅಂದ್ರಾ?"

ಟೈಮರಿನ ಕಥೆ ನಾನು ಹೇಳಲಿಲ್ಲ. ನಾಚಿಕೆಯಾಯಿತು. ಎಂದಾದರೂ ಮಹಡಿ ಹತ್ತಿ ಆ ದನಿ ಯಾವುದೆಂದು ಅವಳೇ ಕಂಡುಹಿಡಿದರೆ ಕಷ್ಟ ಅಂತ, ಮರುದಿನ ಬೆಳಿಗ್ಗೆ ಮೆಷಿನ್ನಿನ ವೈರು ಕಿತ್ತು ಆಫೀಸಿಗೆ ತಂದು ಮೇಜಿನ ಡ್ರಾಯರಿಗೆ ಹಾಕಿದೆ.

ಎರಡು ಗಂಟೆಗೆ ಫೋನು ಬಂತು. ಹೆಂಡತಿ. ದನಿಯಲ್ಲಿ ಖುಷಿ. "ರೀ, ಈಗ್ತಾನೇ ಮತ್ತೆ ಅಂದಳು, ಇರು ಅಂತ!"

ಡ್ರಾಯರು ಎಳೆದು ನೋಡಿದೆ. ವೈರು ಸುತ್ತಿಕೊಂಡು ಅಲ್ಲೇ ಬಿದ್ದಿತ್ತು. "ಇರು!" ಎಂದು ಆಫೀಸಿಗೆಲ್ಲ ಕೇಳುವ ಹಾಗೆ ಕಿರುಚಿದೆ. "ನೀನು ಅಲ್ಲೇ ಇರು, ಎಲ್ಲೂ ಹೋಗಬೇಡ, ಈಗಲೇ ಬಂದೆ!"

"ಅಂತೂ ನಿಮ್ಮ ಬಾಯಲ್ಲೂ ಬಂತಲ್ಲ" ಅಂತ ಹೆಂಡತಿ ನಕ್ಕಳು. ನನ್ನನ್ನು ಆಡಿಸಲಿಕ್ಕೆ ಹಾಗಂದೆ ಅಂತ ಇವತ್ತಿಗೂ ಸಾಧಿಸುತ್ತಾಳೆ. ಇರಬಹುದು. ಆದರೆ ಫೋನಿನಲ್ಲಿ ಅವತ್ತು ನಕ್ಕದ್ದು ಇಬ್ಬರು ಹೆಂಗಸರು.